ಕೊನೆಗೂ ಆರೂ ಎದ್ದವು: ವಾಚನಾಲಯದ ನೆಟ್‌ವರ್ಕ್ ಬೂಟ್, ನಾಲ್ಕನೇ ಭಾನುವಾರ

ನಿನ್ನೆ ರಾತ್ರಿ ಎಂಟೂವರೆಗೆ ಆರೂ ಮಿನಿ ಪಿಸಿಗಳು ಒಂದರ ಹಿಂದೆ ಒಂದರಂತೆ ನೆಟ್‌ವರ್ಕಿನಿಂದಲೇ ಎದ್ದವು. ಒಂದರಲ್ಲೂ ಡಿಸ್ಕ್ ಇಲ್ಲ, ಆಪರೇಟಿಂಗ್ ಸಿಸ್ಟಮ್ ಬರುವುದು ಕೇಬಲ್ ಮೂಲಕ ಸರ್ವರಿನಿಂದ. ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ವಾಚನಾಲಯದಲ್ಲಿ ನಾಲ್ಕು ಭಾನುವಾರ ಇದಕ್ಕೇ ಹೋಗಿದೆ. ಎಲ್‌ಟಿಎಸ್‌ಪಿ (ಡಿಸ್ಕಿಲ್ಲದ ಪಿಸಿಗಳನ್ನು ಸರ್ವರಿನಿಂದ ಎಬ್ಬಿಸುವ ತಂತ್ರಾಂಶ) ಇಮೇಜ್ ಕಟ್ಟಿದ್ದು, ಡಿಎನ್‌ಎಸ್‌ಮಾಸ್ಕನ್ನು ಪ್ರಾಕ್ಸಿ ಡಿಎಚ್‌ಸಿಪಿ ಮಾಡಿ, ಅಂದರೆ ವಿಳಾಸ ಹಂಚುವುದನ್ನು ರೌಟರಿಗೇ ಬಿಟ್ಟು ಬೂಟ್ ಫೈಲ್ ಎಲ್ಲಿದೆ ಎಂದಷ್ಟೇ ಹೇಳುವಂತೆ, ಕೂರಿಸಿದ್ದು, ಇದರ ವಿವರ ಇಲ್ಲಿ ಬಿಡುವ.

ಡಬ್ಬಿಗಳು ಯಾವುದೋ ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್. ಮಾರಿದವರು ಮಂಗಳೂರಿನವರು. ಆರರಲ್ಲಿ ಎರಡಕ್ಕೆ ಹಳೇ ಆಫೀಸಿನ ಬಯೋಸ್ ಪಾಸ್‌ವರ್ಡ್ (ಯಂತ್ರದ ಮೂಲ ಸೆಟ್ಟಿಂಗಿನ ಬೀಗ) ಹಾಗೇ ಇತ್ತು. ‘ಬ್ಯಾಟರಿ ತೆಗೆದು ಹಾಕಿ, ಹೋಗ್ತದೆ’ ಅಂದರು. ಹೋಗಲಿಲ್ಲ. ಈ ಮಾಡೆಲ್‌ಗಳಲ್ಲಿ ಪಾಸ್‌ವರ್ಡ್ ಇರುವುದು ಫ್ಲ್ಯಾಶ್ ಚಿಪ್ಪಿನಲ್ಲಿ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಪಾಸ್‌ವರ್ಡ್ ಇಲ್ಲದೆ ಸೆಕ್ಯೂರ್ ಬೂಟ್ (ಸಹಿಯಿರುವ ಪ್ರೋಗ್ರಾಂ ಮಾತ್ರ ಏಳಲು ಬಿಡುವ ಕಾವಲು) ಆರಿಸುವಂತಿಲ್ಲ, ಅದನ್ನು ಆರಿಸದೆ ನಾನು ಕಟ್ಟಿದ ಸಹಿಯಿಲ್ಲದ ಐಪಿಎಕ್ಸ್‌ಇ (ನೆಟ್‌ವರ್ಕಿನಿಂದ ಎಬ್ಬಿಸುವ ಬೂಟ್ ಪ್ರೋಗ್ರಾಂ) ಏಳುವುದೂ ಇಲ್ಲ. ಆ ಎರಡಕ್ಕೆ ಬದಲಿ ಕೊಡಲು ಮಾರಿದವರು ನನ್ನನ್ನು ಮೂರು ಸಲ ಬಸ್ಸು ಹತ್ತಿಸಿದ್ದು ಮಾತ್ರ ನ್ಯಾಯವಲ್ಲ.

ಇವು ಹಳೇ ಶೈಲಿಯ ಲೆಗಸಿ ಬೂಟೇ ಇಲ್ಲದ, ಯುಇಎಫ್‌ಐ ಎಂಬ ಹೊಸ ಶೈಲಿ ಮಾತ್ರ ಇರುವ ಯಂತ್ರಗಳು. ಡಿಎಚ್‌ಸಿಪಿ ಕೋರಿಕೆಯಲ್ಲಿ ಯಂತ್ರದ ಬಗೆ ಹೇಳುವ ಆಪ್ಷನ್ 93ರಲ್ಲಿ 7 (64 ಬಿಟ್ ಯುಇಎಫ್‌ಐ) ಅಂತ ಬಂದರೆ ಎಸ್‌ಎನ್‌ಪಿ-ಓನ್ಲಿ ಇಎಫ್‌ಐ ಫೈಲ್ (ಯಂತ್ರದ್ದೇ ನೆಟ್‌ವರ್ಕ್ ಡ್ರೈವರ್ ಬಳಸುವ ಐಪಿಎಕ್ಸ್‌ಇ) ಕೊಡು ಎಂದು ಡಿಎನ್‌ಎಸ್‌ಮಾಸ್ಕಿಗೆ ಬರೆದೆ. ಮನೆಯಲ್ಲಿ ಐದು ಪೋರ್ಟಿನ ಅಗ್ಗದ ಸ್ವಿಚ್ಚಿನಲ್ಲಿ ಮೊದಲ ಏಟಿಗೇ ಎದ್ದಿತು. ಅದೇ ಡಬ್ಬಿ, ಅದೇ ಸರ್ವರ್, ವಾಚನಾಲಯದ ಮ್ಯಾನೇಜ್ಡ್ ಸ್ವಿಚ್ಚಿಗೆ (ಸೆಟ್ಟಿಂಗ್ ಬದಲಿಸಬಹುದಾದ ಬಗೆಯದ್ದು) ಚುಚ್ಚಿದರೆ ಪರದೆ ಮೇಲೆ ಪಿಎಕ್ಸ್‌ಇ-ಇ16 ದೋಷ, ಅಂದರೆ ಡಿಎಚ್‌ಸಿಪಿ ಆಫರ್ ಬಂದಿಲ್ಲ.

ಎರಡು ಭಾನುವಾರ ನಾನು ಹುಡುಕಿದ್ದು ತಪ್ಪು ಜಾಗದಲ್ಲಿ. ಕಾನ್ಫಿಗ್ ಮತ್ತೆ ಬರೆದೆ, ಕೇಬಲ್ ಹೊಸದಾಗಿ ಕ್ರಿಂಪ್ ಮಾಡಿದೆ, ಫರ್ಮ್‌ವೇರ್ ಏರಿಸಿದೆ. ಮೊದಲೇ ಮಾಡಬೇಕಿದ್ದ ಕೆಲಸ ಟಿಸಿಪಿಡಂಪ್ (ಜಾಲದಲ್ಲಿ ಓಡುವ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಓಡಿಸುವುದು. ಓಡಿಸಿದಾಗ ಸರ್ವರ್ ಕಡೆ ಪೂರ್ತಿ ಮೌನ, ಡಬ್ಬಿ ವಿಳಾಸ ಕೇಳಿ ಕಳಿಸುವ ಡಿಸ್ಕವರ್ ಪ್ಯಾಕೆಟ್ ಒಂದೇ ಒಂದು ಇಲ್ಲ. ಅಂದರೆ ಸರ್ವರ್ ಉತ್ತರ ಕೊಡದೆ ಇದ್ದದ್ದಲ್ಲ, ಪ್ರಶ್ನೆಯೇ ಅದಕ್ಕೆ ತಲುಪಿರಲಿಲ್ಲ.

ಮೂರನೇ ಭಾನುವಾರ ಆಟಿ ಮಳೆಗೆ ಕರೆಂಟು ಹೋಯಿತು. ಇನ್ವರ್ಟರ್ ಉಳಿಸಲು ಲೈಟ್ ಆರಿಸಿ ಕೂತಿದ್ದೆವು. ಕತ್ತಲೆಯಲ್ಲಿ ಡಬ್ಬಿಯ ಬಟನ್ ಒತ್ತಿದಾಗ ಸ್ವಿಚ್ಚಿನ ಆ ಪೋರ್ಟಿನ ದೀಪ ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಂಡಿತು. ಕೂಡಲೇ ಹಸಿರಾಗಲಿಲ್ಲ. ಪರದೆ ಮೇಲೆ ಇ16 ಬಂದು ಸ್ವಲ್ಪ ಹೊತ್ತಾದ ಮೇಲೆ ಹಸಿರಾಯಿತು. ಮೊಬೈಲಿನಲ್ಲಿ ಸೆಕೆಂಡು ಹಿಡಿದು ಮತ್ತೆ ಒತ್ತಿದೆ. ಸರಿಯಾಗಿ 30.

ಸ್ಪ್ಯಾನಿಂಗ್ ಟ್ರೀ! ಕೇಬಲ್ ಸುತ್ತಿಕೊಂಡು ಜಾಲ ಮಲಗದಂತೆ ಸ್ವಿಚ್ಚು ಮಾಡುವ ಕಾವಲು ಇದು. ಲಿಂಕ್ ಎದ್ದ ಕೂಡಲೇ ಪೋರ್ಟು 15 ಸೆಕೆಂಡು ಕೇಳಿಸಿಕೊಳ್ಳುತ್ತದೆ, 15 ಸೆಕೆಂಡು ಕಲಿಯುತ್ತದೆ, ಆಮೇಲೆಯೇ ಪ್ಯಾಕೆಟ್ ಬಿಡುವುದು. ನಮ್ಮ ಡಬ್ಬಿ ಇಪ್ಪತ್ತೈದರ ಸುಮಾರಿಗೆ ಕೈಚೆಲ್ಲುತ್ತದೆ. ಖಾತ್ರಿಗೆ ಮನೆಯ ಅಗ್ಗದ ಸ್ವಿಚ್ಚನ್ನು ನಡುವೆ ಇಟ್ಟು ನೋಡಿದೆ, ಎದ್ದಿತು. ಡಬ್ಬಿ ಎಷ್ಟು ಸಲ ಲಿಂಕ್ ಬೀಳಿಸಿದರೂ ದೊಡ್ಡ ಸ್ವಿಚ್ಚಿಗೆ ಕಾಣುವುದು ಚಿಕ್ಕದರ ಲಿಂಕ್, ಅದು ಬೀಳುವುದೇ ಇಲ್ಲ. ಕೆರ್ನಲ್ ತನ್ನ ಡ್ರೈವರ್ ಹಾಕಿಕೊಳ್ಳುವಾಗ ಲಿಂಕ್ ಇನ್ನೊಮ್ಮೆ ಬೀಳುತ್ತದೆ, ಆಗ ಮತ್ತೆ 30 ಸೆಕೆಂಡು ಎಂಬುದನ್ನೂ ನೆನಪಿಡಿ.

ಸ್ಪ್ಯಾನಿಂಗ್ ಟ್ರೀಯನ್ನೇ ಆರಿಸಿಬಿಡಿ ಎನ್ನುವವರ ಮಾತು ಕೇಳಬೇಡಿ. ಮಕ್ಕಳು ಬರುವ ಜಾಗ, ಒಂದು ಕೇಬಲಿನ ಎರಡೂ ತುದಿ ಗೋಡೆಗೆ ಚುಚ್ಚಿದರೆ ಇಡೀ ಜಾಲ ಮಲಗುತ್ತದೆ. ಸ್ವಿಚ್ಚಿನ ಪಾಸ್‌ವರ್ಡ್ ಕೂಡ ಯಾರಿಗೂ ಗೊತ್ತಿರಲಿಲ್ಲ. ಪಿನ್ ಒತ್ತಿ ರೀಸೆಟ್ ಮಾಡಿ, ಆರು ಪೋರ್ಟುಗಳನ್ನು ಮಾತ್ರ ಎಡ್ಜ್ ಪೋರ್ಟ್ ಮಾಡಿದೆ, ಅಂದರೆ ಆ 30 ಸೆಕೆಂಡು ಕಾಯದೆ ಕೂಡಲೇ ಪ್ಯಾಕೆಟ್ ಬಿಡುವ ಪೋರ್ಟು, ಅದಕ್ಕೆ ಪಿಸಿ ಮಾತ್ರ ಚುಚ್ಚಬೇಕು. ಕೆಲವು ಸ್ವಿಚ್ಚುಗಳಲ್ಲಿ ಇದಕ್ಕೆ ಪೋರ್ಟ್‌ಫಾಸ್ಟ್ ಅನ್ನುತ್ತಾರೆ.

ಈ ಆರರಲ್ಲಿ ಒಂದನ್ನು ಸ್ಕ್ಯಾನರಿಗೆ ಕಟ್ಟಬೇಕೆಂದಿದ್ದೇನೆ. ಕಪಾಟಿನಲ್ಲಿ ಹುಳ ಹಿಡಿಯುತ್ತಿರುವ ಯಕ್ಷಗಾನ ಪ್ರಸಂಗದ ಹಳೇ ಪುಸ್ತಕಗಳಿವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇದ್ದು ಅವುಗಳನ್ನು ಹಾಗೇ ಬಿಡುವುದಕ್ಕೆ ಮನಸ್ಸು ಬರುವುದಿಲ್ಲ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಪ್ರೋಗ್ರಾಂಗೆ ಕನ್ನಡ ಬರುತ್ತದೆ, ಆದರೆ ಹಳೇ ಅಚ್ಚುಮೊಳೆಯ ಒತ್ತಕ್ಷರಗಳಲ್ಲಿ ತಡವರಿಸುತ್ತದೆ. ನಾಲ್ಕು ಪುಟ ಹಾಕಿ ನೋಡಿದ್ದೇನೆ. ಅದರ ಕಥೆ ಮಳೆ ಕಡಿಮೆಯಾದ ಮೇಲೆ.

ಸದ್ಯಕ್ಕೆ ಒಂದರಿಂದ ಆರರವರೆಗಿನ ಪೋರ್ಟುಗಳ ಮೇಲೆ ಹಳದಿ ಟೇಪ್ ಅಂಟಿಸಿ, ‘ಇಲ್ಲಿ ಬೇರೆ ಸ್ವಿಚ್ ಚುಚ್ಚಬೇಡಿ’ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಬಂದಿದ್ದೇನೆ.