ಮಲೆನಾಡಿನ ಮನೆಗೆ ಗೇಮಿಂಗ್ ಕಂಪ್ಯೂಟರ್: ಕಾರ್ಡಿಗಿಂತ ಮೊದಲು ಕರೆಂಟ್

"ಗೇಮಿಂಗ್ ಪಿಸಿ ಮಾಡಿಸ್ಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಲಿ?" ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಹುಡುಗರು ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದು ಎರಡು ಮಾತು: ಮನೆಯ ಅರ್ಥಿಂಗ್ ಸರಿಯಿದೆಯಾ? ಸಂಜೆ ಹೊತ್ತು ವೋಲ್ಟೇಜ್ ಎಷ್ಟಿರುತ್ತೆ? ಬೆಂಗಳೂರಿನ ಫ್ಲ್ಯಾಟಿಗೆ ಹೊಂದುವ ಪಟ್ಟಿಯನ್ನು ಹಾಗೇ ಇಲ್ಲಿಗೆ ತಂದರೆ ಆಗುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಸಿಡಿಲು, ಜೂನ್ ಆದಮೇಲೆ ಮರ ಬಿದ್ದು ಲೈನ್ ಕಡಿದುಹೋಗುವುದು, ನಡುವೆ ಪಂಪ್‌ಸೆಟ್ ಎಳೆದಾಗ ಬಲ್ಬು ಮಂಕಾಗುವುದು. ಕಂಪ್ಯೂಟರ್ ಬದುಕಬೇಕಾದ್ದು ಇವುಗಳ ನಡುವೆ. ಆದ್ದರಿಂದ ಪ್ಲಗ್ಗಿನಿಂದ ಶುರು ಮಾಡಿ ಕಾರ್ಡಿನ ಕಡೆಗೆ ಬನ್ನಿ.

ಅರ್ಥಿಂಗ್ ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ಅಭ್ಯಾಸ ಇಲ್ಲದಿದ್ದರೆ ವೈರಿಂಗ್ ಮಾಡುವವರನ್ನೇ ಕರೆಯಿರಿ. ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು ಬಂದರೆ ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ಹಾಗಿದ್ದಾಗ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಸಣ್ಣ ಕರೆಂಟ್ ಸೋರಿಕೆಗೆ ಭೂಮಿಯ ದಾರಿ ಸಿಗದೆ ಅದು ಲೋಹದ ಮೈಯಲ್ಲೇ ನಿಲ್ಲುವುದು ಇದಕ್ಕೆ ಕಾರಣ. ಈ ಅಳತೆಯನ್ನು ಮಳೆಗಾಲದಲ್ಲಿ ಮಾಡಿ ನಿಶ್ಚಿಂತರಾಗಬೇಡಿ. ಆಗ ನೆಲ ನೆಂದಿರುತ್ತದೆ, ಎಲ್ಲವೂ ಚೆನ್ನಾಗಿ ಕಾಣುತ್ತದೆ. ಮಾರ್ಚ್ ಬಂದರೆ ಜಂಬಿಟ್ಟಿಗೆ ನೆಲ ಒಣಗಿ ಅರ್ಥ್ ಗುಂಡಿಯ ರೋಧ ಏರುತ್ತದೆ. ಸಿಡಿಲಿನ ಕಾಲವೂ ಅದರ ಬೆನ್ನಿಗೇ ಬರುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವ ರೂಢಿ ಬಿಡಬೇಡಿ.

ಸ್ಪೈಕ್ ಗಾರ್ಡ್ ಸಣ್ಣ ಏರಿಳಿತ ತಡೆಯುತ್ತದೆ, ಅದೂ ಅರ್ಥ್ ಇದ್ದರೆ. ಹತ್ತಿರ ಬಿದ್ದ ಸಿಡಿಲನ್ನು ಅದು ತಡೆಯುವುದಿಲ್ಲ. ಗುಡುಗು ಕೇಳಿಸಿದ ಕೂಡಲೇ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಇಂಟರ್ನೆಟ್‌ನ ಲ್ಯಾನ್ ಕೇಬಲ್ಲನ್ನೂ ತೆಗೆಯಬೇಕು. ಫೈಬರ್ ಗಾಜಿನದ್ದಾದರೂ ರೂಟರಿನಿಂದ ಕಂಪ್ಯೂಟರಿಗೆ ಬರುವುದು ತಾಮ್ರ, ರೂಟರಿನ ಅಡಾಪ್ಟರ್ ಕೂತಿರುವುದೂ ಅದೇ ಮನೆಯ ಲೈನಿನ ಮೇಲೆ. ಸಿಡಿಲು ಆ ದಾರಿಯಲ್ಲಿ ಬಂದರೆ ಮದರ್‌ಬೋರ್ಡಿಗೇ ಪೆಟ್ಟು.

ಇನ್ನು ಎಸ್‌ಎಂಪಿಎಸ್. ಅಂಗಡಿಯಲ್ಲಿ ಕ್ಯಾಬಿನೆಟ್ ಜೊತೆ ಕೊಡುವ "450 ವ್ಯಾಟ್"ನ ಪೆಟ್ಟಿಗೆಯ ಲೇಬಲ್ ಓದಿ. 12 ವೋಲ್ಟ್ ಸಾಲಿನಲ್ಲಿ 14 ಆಂಪಿಯರ್ ಎಂದಿದ್ದರೆ ಗುಣಿಸಿ ನೋಡಿ: 168 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದಲೇ. ಒಳ್ಳೆಯ 550 ವ್ಯಾಟ್ ಘಟಕದಲ್ಲಿ ಅದೇ ಜಾಗದಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. ಲೇಬಲ್‌ನಲ್ಲಿ ಇನ್‌ಪುಟ್ 100-240 ವೋಲ್ಟ್ ಎಂದಿರಲಿ. 200-240 ಎಂದಿದ್ದರೆ ನಮ್ಮ ಸಂಜೆಯ ವೋಲ್ಟೇಜಿಗೆ ಅದು ಆಗಿಬರುವುದಿಲ್ಲ. ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂದು ಹೇಳುವ 80 ಪ್ಲಸ್ ಗುರುತು ಬ್ರಾಂಜ್ ಅಥವಾ ಗೋಲ್ಡ್ ಇರಲಿ, ಐದು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ. ಹಣ ಉಳಿಸುವ ಜಾಗ ಇದಲ್ಲ: ಕೆಟ್ಟ ಎಸ್‌ಎಂಪಿಎಸ್ ಸಾಯುವಾಗ ಕಾರ್ಡನ್ನೂ ಬೋರ್ಡನ್ನೂ ಜೊತೆಗೆ ಒಯ್ಯಬಹುದು.

"ಮನೇಲಿ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಯಾಕೆ?" ಎಂಬುದು ಇದರ ಹಿಂದೆಯೇ ಬರುವ ಪ್ರಶ್ನೆ. ಕರೆಂಟ್ ಹೋದಮೇಲೆ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ಉಳಿದದ್ದರಿಂದ ತಡೆದುಕೊಳ್ಳುವುದು ಸುಮಾರು 16-17 ಮಿಲಿಸೆಕೆಂಡ್. ಇನ್ವರ್ಟರ್ ಬದಲಾಗುವುದು ಅದಕ್ಕಿಂತ ತಡವಾದರೆ ಕಂಪ್ಯೂಟರ್ ರೀಸ್ಟಾರ್ಟ್. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಹಾಕಿ ನೋಡಿ, ಆದರೆ ಅದು ಸೈನ್ ವೇವ್ (ಲೈನಿನ ಕರೆಂಟಿನಂತೆ ನಯವಾದ ಅಲೆ) ಕೊಡುವಂಥದ್ದೇ ಆಗಿರಬೇಕು. ಸ್ಕ್ವೇರ್ ವೇವ್ ಮೇಲೆ ಆ್ಯಕ್ಟಿವ್ ಪಿಎಫ್‌ಸಿ (ಎಳೆಯುವ ಕರೆಂಟನ್ನು ವೋಲ್ಟೇಜಿನ ಅಲೆಗೆ ಹೊಂದಿಸುವ ಸರ್ಕ್ಯೂಟ್) ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳು ಗುಂಯ್‌ಗುಡುತ್ತವೆ, ಕೆಲವು ಆರಿಯೇ ಹೋಗುತ್ತವೆ. ಇನ್ನೊಂದು ಲೆಕ್ಕ: 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಇರುವುದು 1,800 ವ್ಯಾಟ್-ಅವರ್. 350 ವ್ಯಾಟ್ ಎಳೆಯುವ ಆಟ, ಇನ್ವರ್ಟರಿನ ನಷ್ಟವೂ ಸೇರಿ, ನಾಲ್ಕು ಗಂಟೆಯ ಆಸುಪಾಸಿನಲ್ಲಿ ಅದನ್ನು ಬರಿದು ಮಾಡುತ್ತದೆ. ಆಷಾಢದ ಮಳೆಯಲ್ಲಿ ಎರಡು ದಿನ ಕರೆಂಟ್ ಬರದಿದ್ದಾಗ ಆ ಬ್ಯಾಟರಿ ಅಡುಗೆಮನೆಯ ದೀಪಕ್ಕೆ ಬೇಕು. ಹಾಗಾಗಿ ಬೇರೆಯೇ ಒಂದು ಲೈನ್ ಇಂಟರ‍್ಯಾಕ್ಟಿವ್ ಯುಪಿಎಸ್ (ವೋಲ್ಟೇಜಿನ ಏರಿಳಿತವನ್ನು ತಾನೇ ಸರಿಪಡಿಸುವಂಥದ್ದು), ಆಟ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟಕ್ಕೆ. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ, ಅದು ತೀರಾ ಅಂಚು. 1,000-1,100 ವಿಎ ತಗೊಳ್ಳಿ.

ಈಗ ಕಾರ್ಡ್. ಮೇಲಿನ ಲೆಕ್ಕವೇ ಕಾರ್ಡನ್ನೂ ಆರಿಸಿಕೊಡುತ್ತದೆ. ಆರ್‌ಟಿಎಕ್ಸ್ 5060 ಎಳೆಯುವುದು 145 ವ್ಯಾಟ್, ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಕಾರ್ಡ್ 160ರ ಆಸುಪಾಸು, ಆರ್‌ಟಿಎಕ್ಸ್ 5070 ಆದರೆ 250. ಮೊದಲ ಎರಡರಲ್ಲಿ ಯಾವುದನ್ನು ಹಾಕಿದರೂ ಪ್ರೊಸೆಸರಿಗೆ 88, ಉಳಿದದ್ದಕ್ಕೆ 50, ಮಾನಿಟರ್‌ಗೆ 30 ಸೇರಿಸಿ, ಎಸ್‌ಎಂಪಿಎಸ್‌ನ ನಷ್ಟ ಹಿಡಿದರೂ 350-370ರೊಳಗೆ ನಿಲ್ಲುತ್ತದೆ. 550 ವ್ಯಾಟ್ ಎಸ್‌ಎಂಪಿಎಸ್, 1,100 ವಿಎ ಯುಪಿಎಸ್ ಎರಡೂ ಆರಾಮಾಗಿ ಹೊರುತ್ತವೆ. 5070ಕ್ಕೆ ಹೋದರೆ ಎಸ್‌ಎಂಪಿಎಸ್ ದೊಡ್ಡದು ಮಾಡಬೇಕು, ಯುಪಿಎಸ್ ಮೇಲೂ ಭಾರ ಏರುತ್ತದೆ. 1080ಪಿ ಮಾನಿಟರ್‌ಗೆ ನನ್ನ ಆಯ್ಕೆ 16 ಜಿಬಿಯ 9060 ಎಕ್ಸ್‌ಟಿ. ಹೊಸ ಆಟಗಳಲ್ಲಿ ಟೆಕ್ಸ್ಚರ್ (ಚಿತ್ರದ ನಯ) ಏರಿಸಿದರೆ 5060ರಲ್ಲಿರುವ 8 ಜಿಬಿ ಮೆಮೊರಿ ತುಂಬುತ್ತದೆ. ಹೆಚ್ಚಾದದ್ದು ಕಾರ್ಡನ್ನೂ ಬೋರ್ಡನ್ನೂ ಜೋಡಿಸುವ ಪಿಸಿಐಇ ದಾರಿಯಲ್ಲಿ ರ‍್ಯಾಮ್‌ಗೆ ಓಡಾಡಬೇಕು, ಆಟ ಎಡವುತ್ತದೆ. ಆ ದಾರಿಯ ಹದಿನಾರು ಲೇನ್‌ಗಳಲ್ಲಿ 5060 ಬಳಸುವುದು ಎಂಟನ್ನೇ. ಅದನ್ನು ಎ520 ಬೋರ್ಡಿನ ಮೂರನೇ ತಲೆಮಾರಿನ ಸ್ಲಾಟಿಗೆ ಹಾಕಿದರೆ ಆ ದಾರಿ ಇನ್ನಷ್ಟು ಇಕ್ಕಟ್ಟು. ಹಳೆಯ ರೈಜನ್ 5 5600 ಪ್ರೊಸೆಸರ್ ತಗೊಳ್ಳುವವರು ನಾಲ್ಕನೇ ತಲೆಮಾರಿನ ಸ್ಲಾಟಿರುವ ಬಿ550 ಬೋರ್ಡನ್ನೇ ಕೇಳಬೇಕಾದ್ದು ಇದಕ್ಕಾಗಿ.

ಪ್ರೊಸೆಸರ್ ರೈಜನ್ 5 7600 ಸಾಕು. ಅದರೊಳಗೇ ಚಿಕ್ಕ ಗ್ರಾಫಿಕ್ಸ್ ಇದೆ. ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ಅದು ತಿರುಗಿ ಬರುವ ತನಕ ಕಂಪ್ಯೂಟರ್ ಕತ್ತಲಾಗುವುದಿಲ್ಲ. ರೈಜನ್ 5 7500ಎಫ್‌ನಲ್ಲಿ ಈ ಅನುಕೂಲ ಇಲ್ಲ. ಪೆಟ್ಟಿಗೆಯ ಜೊತೆ ಬರುವ ಫ್ಯಾನ್ ಕೆಲಸ ಮಾಡುತ್ತದೆ. ಲಿಕ್ವಿಡ್ ಕೂಲರ್ ಬೇಡವೇ ಬೇಡ.

ರ‍್ಯಾಮ್ ಬೆಲೆ 2025ರ ಕೊನೆಯಿಂದ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳು ಮೆಮೊರಿ ಬಾಚಿಕೊಳ್ಳುತ್ತಿವೆ. ಮನೆಯಲ್ಲಿ ಹಳೇ ಡಿಡಿಆರ್4 16 ಜಿಬಿ ಇದ್ದರೆ ಅದನ್ನೇ ಬಳಸುವ 5600ರ ದಾರಿ ಈಗಲೂ ಬುದ್ಧಿವಂತಿಕೆಯದೇ; 7600ಕ್ಕೆ ಡಿಡಿಆರ್5 ಬೇಕು. ಏನೇ ತಗೊಂಡರೂ ಒಂದೇ ದೊಡ್ಡ ಕಡ್ಡಿ ಬೇಡ, ಜೋಡಿ ಇರಲಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಬೋರ್ಡಿನ ಬಯಾಸ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡದಿದ್ದರೆ ದುಡ್ಡು ಕೊಟ್ಟ ವೇಗ ಸಿಗುವುದಿಲ್ಲ. ಆಟಗಳನ್ನು ಇಡುವ ಎಸ್‌ಎಸ್‌ಡಿ 1 ಟಿಬಿಯದು, ವೇಗದ ಎನ್‌ವಿಎಂಇ ಬಗೆ, ಬಾಳಿಕೆಯ ಟಿಎಲ್‌ಸಿ ಚಿಪ್ಪಿನದು ಇರಲಿ. ಒಂದೊಂದು ಆಟ 100 ಜಿಬಿ ದಾಟುವಾಗ, ಹಳ್ಳಿಯ ಇಂಟರ್ನೆಟ್‌ನಲ್ಲಿ ಅಳಿಸಿ ಮತ್ತೆ ಇಳಿಸುವುದು ದಿನಗಟ್ಟಲೆ ಕೆಲಸ. ಸ್ನೇಹಿತರ ಕಂಪ್ಯೂಟರ್‌ನಲ್ಲಿ ಅದೇ ಆಟ ಇದ್ದರೆ ಎರಡನ್ನೂ ಒಂದೇ ರೂಟರಿಗೆ ಸೇರಿಸಿ. ಆಟ ಇಳಿಸುವ ಸ್ಟೀಮ್ ಎಂಬ ತಂತ್ರಾಂಶ ಅಲ್ಲಿಂದಲೇ ಎಳೆದುಕೊಳ್ಳುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ಸೀಮೆಯವರಿಗೆ ತೇವದ್ದೇ ಭಯ. ಓಡುತ್ತಿರುವ ಕಂಪ್ಯೂಟರ್ ಕೋಣೆಗಿಂತ ಬೆಚ್ಚಗಿರುತ್ತದೆ, ಅದರೊಳಗೆ ನೀರು ಕಟ್ಟುವುದಿಲ್ಲ. ಹಾಳಾಗುವುದು ಸುಮ್ಮನೆ ಬಿದ್ದಿರುವಂಥದ್ದು: ಧೂಳು ತೇವ ಹೀರಿ ಬೋರ್ಡಿನ ಮೇಲೆ ಅಂಟಾಗಿ ಕೂರುತ್ತದೆ, ರ‍್ಯಾಮ್‌ನ ಕಾಲುಗಳು ಕಿಲುಬು ಹಿಡಿಯುತ್ತವೆ. ಮಳೆಗಾಲದಲ್ಲಿ ದಿನಕ್ಕೊಂದು ಗಂಟೆಯಾದರೂ ಆನ್ ಇರಲಿ. ಬೆವರುವ ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ. ಬಚ್ಚಲೊಲೆಯ ಹೊಗೆ, ಅಡಿಕೆ ಸುಲಿಯುವ ಜಾಗದ ಧೂಳು ಎರಡೂ ತಾಕದ ಕೋಣೆ ಆರಿಸಿ. ಕ್ಯಾಬಿನೆಟ್‌ಗೆ ಮುಂದೆ ಜಾಲರಿ ಮತ್ತು ತೆಗೆದು ತೊಳೆಯಬಹುದಾದ ಸಣ್ಣ ಕಣ್ಣಿನ ಫಿಲ್ಟರ್ ಇರಬೇಕು; ಹಿಂದಿನ ಖಾಲಿ ಸ್ಲಾಟುಗಳ ತಗಡು ಕೀಳಬೇಡಿ. ಬೆಚ್ಚಗಿನ ಜಾಗ ಹುಡುಕುವ ಇರುವೆ, ಜಿರಲೆ, ಹಲ್ಲಿ ಒಳಹೊಗುವುದು ಅಲ್ಲಿಂದಲೇ. ಎಸ್‌ಎಂಪಿಎಸ್ ಒಳಗೆ ಹಲ್ಲಿ ಸಿಕ್ಕಿಬಿದ್ದರೆ ಶಾರ್ಟ್.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಜೋಡಿಸಿ ತರುವವರು ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಪೆಟ್ಟಿಗೆಯಲ್ಲೇ ಬೇರೆಯಾಗಿ ತನ್ನಿ. ರಾತ್ರಿ ಬಸ್ಸಿನ ಕುಲುಕಾಟಕ್ಕೆ ಕಾರ್ಡಿನ ಭಾರ ಸ್ಲಾಟನ್ನು ಸೀಳಬಹುದು. ಮನೆಯಲ್ಲಿ ಮತ್ತೆ ಹಾಕುವಾಗ ಪ್ರೊಸೆಸರಿನ 8 ಪಿನ್ ಮತ್ತು ಕಾರ್ಡಿನ 6+2 ಪಿನ್ ಬೇರೆ ಬೇರೆ ಎಂಬುದು ನೆನಪಿರಲಿ, ಒತ್ತಿ ತುರುಕಬೇಡಿ. ಮಾನಿಟರ್ ಕೇಬಲ್ ಕಾರ್ಡಿಗೆ ಹೋಗಬೇಕು, ಬೋರ್ಡಿಗಲ್ಲ. ಡಿಡಿಆರ್5 ಬೋರ್ಡ್ ಮೊದಲ ಸಲ ಆನ್ ಆದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಅದು ರ‍್ಯಾಮ್ ಪರೀಕ್ಷಿಸಿ ಹೊಂದಿಸಿಕೊಳ್ಳುವ ಹೊತ್ತು, ಹೆದರಿ ಆಫ್ ಮಾಡಬೇಡಿ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಪೆಟ್ಟಿಗೆಗಳ ಬಾರ್‌ಕೋಡ್ ಫೋಟೊ ತೆಗೆದಿಟ್ಟುಕೊಳ್ಳಿ. ಅಟ್ಟದ ಮೇಲೆ ಎರಡು ಮಳೆಗಾಲ ಕಳೆದ ರಟ್ಟು ಬೂಷ್ಟು ಹಿಡಿದು ಅಕ್ಷರ ಕಾಣದಂತಾಗುತ್ತದೆ, ವಾರಂಟಿ ಕೇಳುವಾಗ ಬೇಕಾಗುವುದು ಆ ಅಕ್ಷರಗಳೇ.