ಕರೆಂಟ್ ಹೋಯ್ತು

ದೊಡ್ಡಪ್ಪನ ಮಗನ ಮದುವೆ, ತೀರ್ಥಹಳ್ಳಿಯ ಛತ್ರದಲ್ಲಿ. ಮಾಂಗಲ್ಯಧಾರಣೆಯ ಹೊತ್ತಿಗೆ ಯಾರೋ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದರು. ಓಲಗ ಒಮ್ಮೆಲೇ ಏರಿತು. ನನ್ನ ಏಳು ವರ್ಷದ ಮಗ ಎರಡೂ ಕಿವಿ ಮುಚ್ಚಿಕೊಂಡು "ಕರೆಂಟ್ ಹೋಯ್ತು, ಕರೆಂಟ್ ಹೋಯ್ತು" ಎನ್ನತೊಡಗಿದ.

"ಇಷ್ಟೊಂದು ಲೈಟ್ ಉರೀತಿದೆಯಲ್ಲೋ ಪುಟ್ಟಾ!" ಎಂದು ಪಕ್ಕದವರು ನಕ್ಕರು. ನಾನು ಅವನ ಬಾಯಿಯ ಮೇಲೆ ಬೆರಳಿಟ್ಟೆ. ಅವನಿಗೆ ಆಟಿಸಂ ಇದೆ, ಮಾತಾಡುವ, ಬೆರೆಯುವ ರೀತಿಯೇ ಬೇರೆ. ಅರ್ಥವಿಲ್ಲದೆ ಒಂದೇ ಮಾತು ಹೇಳಿದರೆ ತಡೆಯಿರಿ ಎಂದು ಥೆರಪಿಸ್ಟ್ ಒಬ್ಬರು ಹೇಳಿದ್ದರು. ಒಂದಿಡೀ ವರ್ಷ ಹಾಗೆಯೇ ತಡೆದಿದ್ದೆ.

ಹಿಂದಿನ ಸಾಲಿನಿಂದ ಅಮ್ಮ ಎದ್ದು ಬಂದಳು. "ಅಜ್ಜಿ ಇದೀನಲ್ಲ, ಚಿಮಣಿ ಹಚ್ತೀನಿ ಬಾ" ಎಂದು ಅವನ ಕೈ ಹಿಡಿದು ಹಿತ್ತಿಲಿಗೆ ನಡೆದಳು. ಹಲಸಿನ ಮರದ ಕೆಳಗೆ ಅವನ ಕೈ ನಿಧಾನಕ್ಕೆ ಕಿವಿಯಿಂದ ಇಳಿಯಿತು.

ಮೂರು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ, ಅಮ್ಮನ ಮನೆಯಲ್ಲಿ, ಸಿಡಿಲು ಬಡಿದು ಕರೆಂಟ್ ಹೋಗಿತ್ತಂತೆ. "ಅವತ್ತು ಅವನು ಹೆದರಿದ್ದು ಕತ್ತಲೆಗಲ್ಲ ಕಣೇ, ಸದ್ದಿಗೆ" ಎಂದಳು ಅಮ್ಮ. ಆ ಸದ್ದಿನ ಜೊತೆ ಕೇಳಿದ ಮಾತೇ ಅವನಿಗೆ ಆ ಸಂಕಟದ ಹೆಸರಾಗಿತ್ತು.

ಆಟಿಸಂ ಬಗ್ಗೆ 1943ರಲ್ಲೇ ವಿವರವಾಗಿ ಬರೆದ ವೈದ್ಯ ಲಿಯೋ ಕ್ಯಾನರ್, 1946ರ ಲೇಖನವೊಂದರಲ್ಲಿ ಇಂಥದ್ದೇ ಹುಡುಗನ ಕಥೆ ಹೇಳುತ್ತಾರೆ. ಏನನ್ನಾದರೂ ಎಸೆಯಬೇಕು ಅನ್ನಿಸಿದಾಗೆಲ್ಲ ಅವನು "ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ" ಎನ್ನುತ್ತಿದ್ದ. ಹಿಂದೊಮ್ಮೆ ಆಟಿಕೆ ನಾಯಿಯನ್ನು ಪದೇ ಪದೇ ಎಸೆದಾಗ ತಾಯಿ ಗದರಿದ್ದ ಮಾತು ಅದು. ಎಂಬತ್ತು ವರ್ಷದಷ್ಟು ಹಳೆಯ ಈ ತಿಳಿವಳಿಕೆ ನನ್ನವರೆಗೆ ಯಾಕೆ ಬರಲಿಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದದ್ದು, ಅರ್ಥವಾಗದಿರುವುದು ಆಟಿಸಂ ಇರುವವರು, ಇಲ್ಲದವರು ಎರಡೂ ಕಡೆಯ ತೊಡಕು ಎಂದು. ಆ ಛತ್ರದಲ್ಲಿ ನನ್ನ ಮಗ ಹೇಳುವುದನ್ನು ಹೇಳಿಯಾಗಿತ್ತು. ಕೇಳಿಸಿಕೊಳ್ಳಲು ಬಾರದೆ ಹೋದದ್ದು ನನಗೆ.

"ಊಟ ಮಾಡ್ತೀಯಾ?" ಎಂದು ಅವನು ಕೇಳಿದರೆ ಅವನಿಗೆ ಹಸಿವಾಗಿದೆ ಎಂದರ್ಥ. ಹಸಿದಾಗ ಅವನ ಕಿವಿಗೆ ಬೀಳುವುದು ಆ ಪ್ರಶ್ನೆಯೇ ತಾನೆ? ಮೊದಲು "ನಂಗೆ ಊಟ ಬೇಕು ಅನ್ನು" ಎಂದು ತಿದ್ದಿಸಿ, ಆಮೇಲೆ ಬಡಿಸುತ್ತಿದ್ದೆ. ಈಗ ಮೊದಲು ತಟ್ಟೆ ಇಡುತ್ತೇನೆ.

ಅವನ ಮಾತುಗಳಿಗೆಂದೇ ಒಂದು ನೋಟ್‌ಬುಕ್ ಇದೆ. ಒಂದರ ಮೂಲ ಇನ್ನೂ ಸಿಕ್ಕಿಲ್ಲ. ಸ್ನಾನ ಮುಗಿದು ಟವೆಲ್ ಸುತ್ತಿದಾಗ, ನಗುತ್ತಾ, "ಬಸ್ ತಿರುಗ್ತು" ಎನ್ನುತ್ತಾನೆ. ನಿನ್ನೆ ನಾನೂ "ಹೂಂ, ತಿರುಗ್ತು" ಎಂದೆ. ಒದ್ದೆ ತಲೆಯನ್ನು ನನ್ನ ಭುಜಕ್ಕೆ ಒತ್ತಿ, ಇನ್ನೊಮ್ಮೆ ಹೇಳಿದ.