ಝಡ್‌8000 ಸೋತದ್ದೇಕೆ

ಶಿರಸಿಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇಂಟೆಲ್ 8086 ಎಂಬ ಮೈಕ್ರೋಪ್ರೊಸೆಸರ್ ಚಿಪ್‌ನ ಪಾಠ ಮಾಡುವಾಗ, ಮೆಮೊರಿಯ ವಿಳಾಸ ಪಡೆಯಲು ಸೆಗ್ಮೆಂಟ್ (ಮೆಮೊರಿಯ ಒಂದು ಭಾಗ) ಸಂಖ್ಯೆಯನ್ನು 16ರಿಂದ ಗುಣಿಸಿ ಆಫ್‌ಸೆಟ್ (ಆ ಭಾಗದೊಳಗಿನ ಸ್ಥಾನ) ಕೂಡಿಸುವ ಲೆಕ್ಕ ಬಂದ ಕೂಡಲೇ, "ಇದಕ್ಕಿಂತ ಚೊಕ್ಕವಾದ ದಾರಿ ಇರಲಿಲ್ಲವೇ ಸರ್?" ಎಂದು ಯಾರಾದರೂ ಕೇಳುತ್ತಾರೆ. ಇತ್ತು, ಅದು ಝೈಲಾಗ್ ಕಂಪನಿಯು 1979ರಲ್ಲಿ ಮಾರುಕಟ್ಟೆಗೆ ತಂದ ಝಡ್‌8000.

8086ರಲ್ಲಿ ಸುಮಾರು 29,000 ಟ್ರಾನ್ಸಿಸ್ಟರ್‌ಗಳಿದ್ದರೆ, ಮಸತೋಶಿ ಶಿಮಾ ವಿನ್ಯಾಸಗೊಳಿಸಿದ ಝಡ್‌8000ದಲ್ಲಿ ಸುಮಾರು 17,500 ಮಾತ್ರ ಇದ್ದವು, ಏಕೆಂದರೆ ಮೈಕ್ರೋಕೋಡ್ (ಚಿಪ್‌ನೊಳಗೇ ಬರೆದಿಟ್ಟ ಸಣ್ಣ ನಿರ್ದೇಶನಗಳು) ಇಲ್ಲದೆ ಎಲ್ಲ ನಿಯಂತ್ರಣವನ್ನೂ ನೇರವಾಗಿ ಲಾಜಿಕ್ ಗೇಟ್‌ಗಳಲ್ಲೇ ಕಟ್ಟಲಾಗಿತ್ತು. 16 ಬಿಟ್‌ಗಳ ಹದಿನಾರು ರಿಜಿಸ್ಟರ್‌ಗಳನ್ನು (ಲೆಕ್ಕದ ವೇಳೆ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಚಿಪ್‌ನೊಳಗಿನ ಜಾಗಗಳನ್ನು) ಅಗತ್ಯಕ್ಕೆ ತಕ್ಕಂತೆ ಜೋಡಿಸಿ 32 ಅಥವಾ 64 ಬಿಟ್‌ಗಳಾಗಿಯೂ ಬಳಸಬಹುದಿತ್ತು. ಝಡ್‌8001 ಮಾದರಿಯು 64 ಕಿಲೋಬೈಟ್‌ನ 128 ಸೆಗ್ಮೆಂಟ್‌ಗಳ ಮೂಲಕ 8 ಮೆಗಾಬೈಟ್ ಮೆಮೊರಿಯನ್ನು ಮುಟ್ಟುತ್ತಿತ್ತು. 8086ಕ್ಕೆ ಎಟಕುತ್ತಿದ್ದುದು 1 ಮೆಗಾಬೈಟ್. ಕಾಗದದ ಮೇಲೆ ನೋಡಿದರೆ ಸೋಲಬೇಕಾದ ಚಿಪ್ ಇದಲ್ಲ.

ಸೋಲಿನ ಬೇರು ಝೈಲಾಗ್‌ನ ಹಿಂದಿನ ಗೆಲುವಿನಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಇಂಟೆಲ್ ಬಿಟ್ಟು ಬಂದ ಫೆಡೆರಿಕೊ ಫ್ಯಾಜಿನ್ ಮತ್ತು ಶಿಮಾ 1976ರಲ್ಲಿ ಹೊರತಂದ ಝಡ್‌80, ಇಂಟೆಲ್‌ನ ಹಳೆಯ ಚಿಪ್ 8080ರ ಪ್ರೋಗ್ರಾಂಗಳನ್ನು ಹಾಗೆಯೇ ಓಡಿಸುತ್ತಿದ್ದುದರಿಂದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಮತ್ತು ಅದರ ತಂತ್ರಾಂಶಗಳೆಲ್ಲ ಅದಕ್ಕೆ ಅನಾಯಾಸವಾಗಿ ಒದಗಿದವು. ಫಸಲು ಕೊಡುತ್ತಿರುವ ಅಡಿಕೆ ತೋಟವನ್ನು ಹೊಸ ತಳಿಯ ಆಸೆಗೆ ನಮ್ಮಲ್ಲಿ ಯಾರೂ ಕಡಿಯುವುದಿಲ್ಲ. ಝಡ್‌8000 ಮಾತ್ರ ಝಡ್‌80ರ ಒಂದು ಪ್ರೋಗ್ರಾಮನ್ನೂ ಓಡಿಸುತ್ತಿರಲಿಲ್ಲ. 8086 ಕೂಡ ಹಳೆಯದನ್ನು ನೇರವಾಗಿ ಓಡಿಸುತ್ತಿರಲಿಲ್ಲವಾದರೂ, 8080ರ ಅಸೆಂಬ್ಲಿ ಪ್ರೋಗ್ರಾಂಗಳನ್ನು ಯಾಂತ್ರಿಕವಾಗಿ ಪರಿವರ್ತಿಸಿಕೊಳ್ಳಲು ಆಗುವಂತೆ ಇಂಟೆಲ್ ಅದನ್ನು ರೂಪಿಸಿತ್ತು. ವಿದ್ಯಾರ್ಥಿಗಳು ಗೊಣಗುವ ಆ ವಿನ್ಯಾಸದ ಹಿಂದೆ ಈ ಲೆಕ್ಕಾಚಾರವೂ ಇದೆ.

ಹಣದ ವಿಷಯವೂ ಉಂಟು. ಝೈಲಾಗ್‌ಗೆ ಬಂಡವಾಳ ಹಾಕಿದ್ದ ತೈಲ ಕಂಪನಿ ಎಕ್ಸಾನ್ ಆಗ ಕಚೇರಿ ಯಂತ್ರಗಳ ವ್ಯಾಪಾರಕ್ಕೂ ಇಳಿದು ಐಬಿಎಂಗೆ ಪ್ರತಿಸ್ಪರ್ಧಿಯಾಗಿತ್ತು. ಅಂಥ ಪ್ರತಿಸ್ಪರ್ಧಿಯ ಚಿಪ್ಪನ್ನು ಬಿಟ್ಟು ಐಬಿಎಂ 1981ರ ಪಿಸಿಗೆ ಆರಿಸಿಕೊಂಡದ್ದು 8086ರ ತಮ್ಮನಾದ, ಅಗ್ಗದ 8 ಬಿಟ್ ಬಿಡಿಭಾಗಗಳೊಂದಿಗೆ ಹೊಂದುವ 8088 ಅನ್ನು. ಆ ಬಳಿಕ ಪೈಪೋಟಿ ಹೆಚ್ಚು ಕಾಲ ನಡೆಯಲಿಲ್ಲ. 1982ರ ಎಂ20 ಕಂಪ್ಯೂಟರಿಗೆ ಝಡ್‌8001 ಹಾಕಿದ್ದ ಇಟಲಿಯ ಒಲಿವೆಟ್ಟಿ ಕೂಡ ಎಂ24ರ ಹೊತ್ತಿಗೆ 8086ರ ಕಡೆಗೆ ವಾಲಿತು. ಝಡ್‌8002 ಮಾದರಿಗೆ ದೊರೆತ ಹೆಸರಾಂತ ನೆಲೆಯೆಂದರೆ ನಾಮ್ಕೊ ಕಂಪನಿಯ ಪೋಲ್ ಪೊಸಿಷನ್ ಎಂಬ ಕಾರು ಓಟದ ಆಟದ ಯಂತ್ರ. ಅದರೊಳಗೆ ಎರಡು ಝಡ್‌8002ಗಳ ಜೊತೆಗೆ ಒಂದು ಝಡ್‌80 ಕೂಡ ಇತ್ತು.